ಎರಡು ನೀಲಿ ಗೀಟು

ಆ ವಾರ ಡಾಕ್ಟರುಗಳ ಮೇಲೆ ಯಾವ ನಿಯಮ ಜಾರಿಯಲ್ಲಿತ್ತು, ಯಾವುದು ಇರಲಿಲ್ಲ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಏಕೆಂದರೆ ಆ ವಾರವೂ ಗೊತ್ತು ಅನ್ನುವವರು ಬೇಕಾದಷ್ಟು ಜನ ಇದ್ದರು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿದ್ದದ್ದರ ಜೊತೆ ತಾಳೆಯಾಗುತ್ತಿರಲಿಲ್ಲ, ಅಷ್ಟೇ.

ನಾನು ಸಹಕಾರನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡವಳು. ದೊಡ್ಡ ಸ್ಪೆಷಲಿಸ್ಟ್ ಏನಲ್ಲ. ನೆಗಡಿ, ಜ್ವರ, ಬಿಪಿ, ಶುಗರು, ಮಂಡಿನೋವು ನನ್ನ ಸಂಸಾರ. ಇನ್ನೊಂದು ಹೆಸರೂ ಇದೆ ನನಗೆ: ಬೈಯುವ ಡಾಕ್ಟರು. ಮಾತ್ರೆ ಬಿಟ್ಟರೆ ಬೈತೀನಿ, ಉಪ್ಪಿನಕಾಯಿ ತಿಂದರೆ ಬೈತೀನಿ, ಪಕ್ಕದ ಮನೆಯವರ ಮಾತ್ರೆ ನುಂಗಿ ಬಂದವರಿಗಂತೂ ಗ್ರಹಚಾರ ಬಿಡಿಸುತ್ತೀನಿ. ಹೀಗಿದ್ದೂ ಜನ ಬರುತ್ತಾರೆ. ‘ಮೇಡಂ ಬೈದ್ರೇನೇ ಮನಸ್ಸಿಗೆ ಸಮಾಧಾನ’ ಎಂದು ಹೊರಗೆ ಬೆಂಚಿನ ಮೇಲೆ ಕೂತು ಹೇಳಿಕೊಳ್ಳುವುದು ನನಗೇ ಕೇಳಿಸುತ್ತದೆ.

ನಾವು ಕಲಿತ ಕಾಲದಲ್ಲಿ ಹೊಸ ನಿಯಮ ಏನಾದರೂ ಬಂದರೆ ಅಂಚೆಯಲ್ಲಿ ಬರುತ್ತಿತ್ತು. ಓದಿ, ಡ್ರಾಯರಿನಲ್ಲಿ ಹಾಕಿ, ಮರೆಯುವುದಕ್ಕೂ ಪುರುಸೊತ್ತಿತ್ತು. ಈಗ ಎಲ್ಲ ಫೋನಿಗೆ. ಏರಿಯಾದ ಡಾಕ್ಟರುಗಳದ್ದೊಂದು ಗ್ರೂಪು, ಕಾಲೇಜಿನಲ್ಲಿ ಜೊತೆಗೆ ಓದಿದವರದ್ದೊಂದು, ಸಂಘದ್ದೊಂದು. ಒಂದೇ ಸುದ್ದಿ ಮೂರೂ ಕಡೆ ಬರುತ್ತದೆ, ಮೂರು ಬಣ್ಣದಲ್ಲಿ ಬರುತ್ತದೆ. ಕ್ಲಿನಿಕ್ಕಿನ ಪರವಾನಗಿ ಹೊಸ ಪೋರ್ಟಲಿನಲ್ಲಿ ನವೀಕರಿಸಬೇಕಂತೆ. ಇಲ್ಲ, ಹಳೆಯದೇ ನಡೆಯುತ್ತದಂತೆ. ಸೂಜಿ ಹಾಕುವ ಚೀಲದ ಬಣ್ಣ ಬದಲಂತೆ. ಉಪನ್ಯಾಸಗಳಿಗೆ ಹೋಗಿ ಅಂಕ ಗಳಿಸದಿದ್ದರೆ ಪಟ್ಟಿಯಿಂದ ಹೆಸರೇ ತೆಗೆಯುತ್ತಾರಂತೆ. ಯಾವ ಉಪನ್ಯಾಸ? ಅದು ಇನ್ನೂ ತೀರ್ಮಾನವಾಗಿಲ್ಲವಂತೆ. ಈ ‘ಅಂತೆ’ಗಳನ್ನೆಲ್ಲ ಓದಿ ಓದಿ ನನ್ನ ತಲೆ ಮೊಸರುಗಡಿಗೆಯಾಗಿತ್ತು.

ಇವುಗಳಲ್ಲಿ ದೊಡ್ಡದು ಮಾತ್ರೆಯ ಹೆಸರಿನದ್ದು. ಇನ್ನು ಮುಂದೆ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರು ಬರೆಯುವಂತಿಲ್ಲ, ಔಷಧದ ಮೂಲ ಹೆಸರನ್ನೇ, ಅದೂ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದು ಸುದ್ದಿ ಬಂತು. ನನಗೆ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. ಬಡವರಿಗೆ ಅಗ್ಗದ ಮಾತ್ರೆ ಸಿಕ್ಕರೆ ಯಾರಿಗೆ ಬೇಡ? ಆದರೆ ಬಂದ ಬೆನ್ನಿಗೇ ‘ಸದ್ಯಕ್ಕೆ ತಡೆಹಿಡಿದಿದ್ದಾರೆ’ ಎಂದು ಇನ್ನೊಂದು ಬಂತು. ತಡೆಹಿಡಿದದ್ದು ನಿಯಮವನ್ನೋ ಶಿಕ್ಷೆಯನ್ನೋ ಎಂದು ಯಾರೋ ಕೇಳಿದರು. ಯಲಹಂಕದಲ್ಲಿರುವ ನಮ್ಮ ಹಿರಿಯ ಸರ್ಜನ್ ಒಬ್ಬರು, ಗ್ರೂಪಿನ ಹೆಡ್‌ಮಾಸ್ಟರಿದ್ದ ಹಾಗೆ, ‘ಯಾವುದಕ್ಕೂ ದೊಡ್ಡಕ್ಷರದಲ್ಲಿ ಮೂಲ ಹೆಸರು ಬರೆಯುವುದು ಕ್ಷೇಮ’ ಎಂದು ಅಪ್ಪಣೆ ಕೊಡಿಸಿದರು. ಆರ್.ಟಿ. ನಗರದಲ್ಲಿ ಕ್ಲಿನಿಕ್ ಇಟ್ಟಿರುವ ನನ್ನ ಸಹಪಾಠಿ ನನಗೊಬ್ಬಳಿಗೇ ಫೋನ್ ಮಾಡಿ, ‘ನಾನಂತೂ ಹಳೇ ಥರಾನೇ ಬರೀತಿದೀನಿ ಕಣೇ, ಹಿಡ್ಕೊಂಡ್ ಹೋದ್ರೆ ಊಟದ ಡಬ್ಬಿ ತಂದ್ಕೊಡು’ ಅಂದ. ಅವನ ಧೈರ್ಯ ನನಗಿಲ್ಲ. ನಾನು ದೊಡ್ಡಕ್ಷರ ಹಿಡಿದೆ.

ಇನ್ನು ಕೆಂಪಾಪುರದ ಖಾನಾವಳಿಯವಳ ವಿಷಯ. ಗದಗದ ಕಡೆಯಿಂದ ಬಂದು ಗಂಡ ಹೆಂಡತಿ ಸಣ್ಣದೊಂದು ರೊಟ್ಟಿ ಊಟದ ಮನೆ ನಡೆಸುತ್ತಾರೆ. ಕಾಲೇಜಿನ ಮೇಷ್ಟರುಗಳು, ಫ್ಯಾಕ್ಟರಿಯ ಹುಡುಗರು, ಆ ಕಡೆಯವರೆಲ್ಲ ಮಧ್ಯಾಹ್ನಕ್ಕೆ ಅಲ್ಲಿಗೇ. ಆಕೆ ಒಳಗೆ ರೊಟ್ಟಿ ಬಡಿಯುತ್ತಾಳೆ, ಗಂಡ ಮೊಪೆಡ್ಡಿನಲ್ಲಿ ಡಬ್ಬಿ ಹಂಚುತ್ತಾನೆ. ನನ್ನನ್ನು ಬಾಯಾರ ಎಂದೇ ಕರೆಯುತ್ತಾಳೆ. ಅವರ ಊರ ಕಡೆ ಓದಿದ ಹೆಂಗಸರಿಗೆ ಹಾಗನ್ನುವ ವಾಡಿಕೆಯಂತೆ. ಆಕೆಗೆ ಶುಗರ್. ಬೆಳಿಗ್ಗೆ ಒಂದೇ ಮಾತ್ರೆ, ಅದಾದ ಮೇಲೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಲೇಬೇಕು. ಆ ಜಾತಿಯ ಮಾತ್ರೆ ರಕ್ತದ ಸಕ್ಕರೆಯನ್ನು ಕೆಳಕ್ಕೆ ಎಳೆಯುವುದರಲ್ಲಿ ಜೋರು. ಹೆಚ್ಚಾದರೆ, ಮೇಲೆ ಹೊಟ್ಟೆಯೂ ಖಾಲಿಯಿದ್ದರೆ, ಮನುಷ್ಯ ಎಚ್ಚರ ತಪ್ಪಿ ಬೀಳುವುದೂ ಉಂಟು, ಏಳದೆ ಇರುವುದೂ ಉಂಟು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ‘ಮೊದಲು ನೀನು ತಿನ್ನು, ಆಮೇಲೆ ಊರಿಗೆ ಬಡಿ ಕಣಮ್ಮ’ ಎಂದರೆ, ‘ಹೂಂ ಬಾಯಾರ, ಇದೊಂದ್ ಮುದ್ದಿ ಹಿಟ್ಟು ಮುಗಿಸಿ ತಿಂತೀನ್ರಿ’ ಅನ್ನುತ್ತಾಳೆ. ಆ ಮುದ್ದೆ ಮುಗಿಯುವುದು ಊಟದ ಹೊತ್ತಿಗೆ.

ಆಕೆಗೆ ಕ್ಲಿನಿಕ್ಕಿಗೆ ಬರಲು ಪುರುಸೊತ್ತಿಲ್ಲ. ಹಾಗಾಗಿ ನಮ್ಮಿಬ್ಬರ ವ್ಯವಹಾರ ಫೋಟೋದಲ್ಲಿ. ಹೋಳಿಗೆಯ ಫೋಟೋ ತೆಗೆದು, ‘ಅರ್ಧಾ ತಿನ್ಲೇನ್ರಿ’ ಎಂದು ಕಳಿಸುತ್ತಾಳೆ. ಕಾಲಿನ ಗಾಯದ್ದು ಕಳಿಸುತ್ತಾಳೆ. ಸರಿಯಿದ್ದರೆ ನಾನು ನೋಡಿ ಸುಮ್ಮನಾಗುತ್ತಿದ್ದೆ. ಸರಿಯಿಲ್ಲದಿದ್ದರೆ ವಾಯ್ಸ್ ಮೆಸೇಜಿನಲ್ಲಿ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದೆ. ಅದನ್ನು ಆಕೆ ಜೋರಾಗಿ ಹಾಕಿ ಊಟಕ್ಕೆ ಕೂತವರಿಗೆಲ್ಲ ಕೇಳಿಸುತ್ತಿದ್ದಳಂತೆ.

ಆ ವಾರ ಮಾತ್ರೆ ಮುಗಿಯುತ್ತ ಬಂತೆಂದು ಆಕೆಯ ಗಂಡ ಬಂದ. ನಾನು ಹೊಸ ಪದ್ಧತಿಯಂತೆ ಮೂಲ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದುಕೊಟ್ಟು, ‘ಹೆಸರು ಬೇರೆ, ಮಾತ್ರೆ ಅದೇ. ಅಂಗಡಿಯವನು ಬೇರೆ ಕಂಪನಿದು ಕೊಡಬಹುದು, ಗಾಬರಿಯಾಗ್ಬೇಡಿ’ ಎಂದೆ. ಅವನು ತಲೆಯಾಡಿಸಿದ. ಹೊರಗೆ ಮೊಪೆಡ್ಡಿನ ತುಂಬ ಡಬ್ಬಿ ನೇತಾಡುತ್ತಿದ್ದವು. ಅವನ ಕಣ್ಣು ಅಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದು ಕೂತಿದ್ದೆನಷ್ಟೆ, ಫೋಟೋ ಬಂತು. ಮಣೆಯ ಮೇಲೆ ಎರಡು ಮಾತ್ರೆಯ ಪಟ್ಟಿ, ಪಕ್ಕದಲ್ಲಿ ಹಿಟ್ಟಿನ ಕೈಯ ಗುರುತು. ಒಂದು ಹಳೆಯದು, ನನಗೆ ಗುರುತಿದ್ದ ಹೆಸರು. ಇನ್ನೊಂದು ಮಗುಚಿ ಬಿದ್ದಿತ್ತು, ಬೆಳ್ಳಿಯ ಕಾಗದದ ಮೇಲೆ ಬೆಳಕು ಹೊಡೆದು ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಕೆಳಗೆ, ‘ಹೊಸಾ ಮಾತ್ರಿ ಬಂತ್ರಿ ಬಾಯಾರ. ಬರೋಬ್ಬರಿ ಐತೇನ್ರಿ?’ ಅಂಗಡಿಯವನು ಏನು ಕೊಟ್ಟಿದ್ದಾನೋ ನೋಡೋಣವೆಂದು, ‘ಅಕ್ಷರ ಕಾಣ್ತಿಲ್ಲ, ಇನ್ನೊಂದು ಫೋಟೋ ತೆಗೆದು ಕಳ್ಸು’ ಎಂದು ಟೈಪ್ ಮಾಡಿದೆ. ಕಳಿಸಬೇಕು, ಅಷ್ಟರಲ್ಲಿ ಮೇಲಿಂದ ಇಳಿಯಿತು ಯಲಹಂಕದವರ ಫಾರ್ವರ್ಡು.

ವಾಟ್ಸಾಪಿನಲ್ಲಿ ರೋಗಿಗಳಿಗೆ ಸಲಹೆ ಕೊಡಬೇಡಿ. ಒಪ್ಪಿಗೆ ಪಡೆಯದೆ, ಪೂರ್ತಿ ವಿವರ ಬರೆದಿಡದೆ ಒಂದು ಸಾಲು ಬರೆದರೂ ಅದು ಚಿಕಿತ್ಸೆಯೇ. ದೂರು ಬಂದರೆ ನಿಮ್ಮ ನೋಂದಣಿಗೆ ಸಂಚಕಾರ. ಎಲ್ಲ ಕೆಂಪು ಅಕ್ಷರ. ಕೊನೆಯಲ್ಲಿ ಕೈಮುಗಿದ ಚಿತ್ರ.

ನನ್ನ ಬೆರಳು ಹಾಗೇ ನಿಂತಿತು. ಬರೆಯಲೋ ಬಿಡಲೋ? ಇಷ್ಟು ವರ್ಷ ಇದ್ದ ಒಂದು ನೋಂದಣಿ, ಅದೊಂದೇ ನನ್ನ ಆಸ್ತಿ. ಯಾವುದೋ ಫೋಟೋದ ದೆಸೆಯಿಂದ ಅದು ಹೋದರೆ? ಭಯವಾಯಿತು, ನಿಜ. ಗ್ರೂಪಿನಲ್ಲಿ ಕೇಳಿದೆ: ‘ಹಳೇ ಪೇಷೆಂಟ್ ಮಾತ್ರೆಯ ಫೋಟೋ ಕಳಿಸಿದ್ದಾರೆ. ಇನ್ನೊಂದು ಫೋಟೋ ಕಳಿಸಿ ಅನ್ನಬಹುದೇ?’

ಕೇಳಿದ್ದೇ ತಡ. ಯಶವಂತಪುರದ ಮಕ್ಕಳ ಡಾಕ್ಟರು, ಫೋಟೋ ಕೇಳುವುದೂ ಪರೀಕ್ಷೆಯೇ, ಪರೀಕ್ಷೆಯೆಂದರೆ ಚಿಕಿತ್ಸೆಯ ಆರಂಭ ಎಂದರು. ಇನ್ನೊಬ್ಬರು, ಹಳೆಯ ಪೇಷೆಂಟ್ ಆದರೆ ಪರವಾಗಿಲ್ಲ ಎಂದರು. ಹಳೆಯ ಅಂದರೆ ಎಷ್ಟು ಹಳೆಯದು ಎಂದು ಮತ್ತೊಬ್ಬರು. ಆಕೆಯೇ ಮೊದಲು ಬರೆದದ್ದರಿಂದ ಒಪ್ಪಿಗೆ ಇದ್ದ ಹಾಗೇ ಎಂದು ಒಬ್ಬರು, ಆ ನಿಯಮ ತಡೆಹಿಡಿದ ನಿಯಮಗಳ ಜೊತೆಯದ್ದು ಎಂದು ಇನ್ನೊಬ್ಬರು, ಅಲ್ಲ ಅದು ಬೇರೆಯದ್ದು, ಹಿಂದಿನಿಂದಲೂ ಇದೆ ಎಂದು ಮೂರನೆಯವರು. ನನ್ನ ಆರ್.ಟಿ. ನಗರದ ಸಹಪಾಠಿ ಮಾತ್ರ, ‘ಉತ್ತರ ಬರೆದು ಡಿಲೀಟ್ ಮಾಡು’ ಎಂದು ಬರೆದು, ಅದನ್ನೂ ಡಿಲೀಟ್ ಮಾಡಿದ. ಓದಿದಷ್ಟೂ ತಲೆಬುಡ ತಿಳಿಯಲಿಲ್ಲ. ಹೊರಗೆ ಬೆಂಚು ತುಂಬಿತ್ತು. ಗ್ರೂಪಿನವರು ತೀರ್ಮಾನ ಮಾಡಿಕೊಳ್ಳಲಿ ಎಂದು ಫೋನ್ ಮಗುಚಿಟ್ಟು ರೋಗಿಗಳನ್ನು ಕರೆದೆ.

ಜ್ವರದವರು, ಕೆಮ್ಮಿನವರು, ಎಲ್ಲ ಮುಗಿಯುವ ಹೊತ್ತಿಗೆ ಊಟದ ಸಮಯ ಹತ್ತಿರವಾಗಿತ್ತು. ಫೋನ್ ತಿರುಗಿಸಿದೆ. ಗ್ರೂಪು ಇನ್ನೂ ಬಿಸಿಯಾಗಿತ್ತು. ಅದನ್ನು ಬಿಟ್ಟು ಖಾನಾವಳಿಯವಳ ಫೋಟೋ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಹೊಸ ಪಟ್ಟಿಯ ಅಕ್ಷರ ಆಗಲೂ ಕಾಣಲಿಲ್ಲ. ಕಂಡದ್ದು ಬೇರೆ. ಹಳೆಯ ಪಟ್ಟಿಯಲ್ಲಿ ಇನ್ನೂ ಮಾತ್ರೆಗಳಿದ್ದವು. ಪಟ್ಟಿಗಳ ಮುಂದೆ, ಹಿಟ್ಟಿನ ಮಧ್ಯೆ, ಪಟ್ಟಿಯಿಂದ ಬಿಡಿಸಿ ತೆಗೆದಿಟ್ಟಿದ್ದ ಮಾತ್ರೆಗಳು: ಒಂದು ಹಳದಿ, ಅದರ ಪಕ್ಕಕ್ಕೆ ಒಂದು ಬಿಳಿ.

ಆಕೆ ಕೇಳಿದ್ದು ಹೊಸ ಮಾತ್ರೆ ಸರಿಯೇ ಎಂದಲ್ಲ. ಎರಡನ್ನೂ ನುಂಗುವುದು ಸರಿಯೇ ಎಂದು.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಗಂಡನಿಗೆ ಮಾಡಿದರೆ ಅವನು ರಸ್ತೆಯ ಮೇಲೆ, ‘ತಣಿಸಂದ್ರದಾಗ ಅದೀನ್ರಿ, ಡಬ್ಬಿ ಕೊಟ್ಟು ಮಾಡ್ತೀನ್ರಿ’ ಎಂದು ಇಟ್ಟೇಬಿಟ್ಟ. ನಮ್ಮ ಸಿಸ್ಟರ್, ಕೊಡಿಗೇಹಳ್ಳಿಯ ಹಳೆಯ ಮನೆತನದವಳು, ನನ್ನ ಮುಖ ನೋಡಿ, ‘ಯಾಕ್ ಮೇಡಂ ಇಂಗ್ ನಿಂತ್ಬುಟ್ರಿ?’ ಅಂದಳು. ಹೇಳಿದೆ. ‘ಅಂಗಾದ್ರೆ ವೋಗಿ ಬಂದ್ಬುಡಿ. ಯಾರಾನ ಬಂದ್ರೆ ನಾನ್ ಕೂರುಸ್ಕೊಂಡಿರ್ತೀನಿ’ ಎಂದು ಶುಗರ್ ನೋಡುವ ಯಂತ್ರವನ್ನು ಚೀಲಕ್ಕೆ ಹಾಕಿ, ತಾನೇ ಹೋಗಿ ಆಟೋ ನಿಲ್ಲಿಸಿದಳು.

ಸಹಕಾರನಗರದಿಂದ ಕೆಂಪಾಪುರ ಎಷ್ಟು ದೂರ? ಕೂಗಿದರೆ ಕೇಳಿಸಬೇಕು. ಆದರೆ ನಡುವೆ ಏರ್‌ಪೋರ್ಟ್ ರಸ್ತೆ ಇದೆಯಲ್ಲ. ದಾಟಬೇಕಾದರೆ ಹೆಬ್ಬಾಳದ ಕಡೆ ಹೋಗಿ ಸುತ್ತಿಕೊಂಡು ಬರಬೇಕು. ಅಲ್ಲಿಯೂ ನಿಯಮ ಬದಲಾಗಿತ್ತು; ತಿರುಗಲು ಬಿಡುತ್ತಿದ್ದ ಜಾಗದಲ್ಲಿ ಬ್ಯಾರಿಕೇಡು. ‘ಬೆಳಿಗ್ಗೆ ಬಿಟ್ಟಿದ್ರು ಮೇಡಂ, ಈಗ ನೋಡಿ’ ಎಂದ ಆಟೋದವನು. ನನಗೆ ಅಳು ಬಂತು. ಆಟೋದಲ್ಲಿ ಕೂತು ಸುಮ್ಮನೆ ಅತ್ತೆ. ಆಕೆ ಏನಾದರೂ ತಿಂದಿದ್ದರೆ ಸಾಕು, ಅರ್ಧ ರೊಟ್ಟಿಯಾದರೂ ತಿಂದಿದ್ದರೆ ಸಾಕು ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಖಾನಾವಳಿಯಲ್ಲಿ ಮೇಜುಗಳು ತುಂಬಿದ್ದವು. ಅಡುಗೆಮನೆಗೆ ನುಗ್ಗಿದೆ. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಇದ್ದಳು. ಜೀವ ಬಂದ ಹಾಗಾಯಿತು. ಹತ್ತಿರ ಹೋದ ಮೇಲೆ ನೋಡುತ್ತೇನೆ, ಮಣೆಯ ಮೇಲಿನ ರೊಟ್ಟಿ ಆಗಲೇ ತೆಳ್ಳಗಾಗಿ ಹರಿದುಹೋಗಿದೆ, ಅದನ್ನೇ ಬಡಿಯುತ್ತಿದ್ದಾಳೆ. ಹಂಚಿನ ಮೇಲಿದ್ದದ್ದು ಕಪ್ಪಾಗಿ ಹೊಗೆಯಾಡುತ್ತಿದೆ. ಸೆರಗು ನೀರಿನಲ್ಲಿ ಅದ್ದಿ ತೆಗೆದಂತೆ ಬೆವರಿನಿಂದ ತೊಯ್ದಿತ್ತು.

‘ಏನ್ ತಿಂದೆ ಬೆಳಿಗ್ಗೆ?’ ಅಂದೆ.

ನನ್ನನ್ನು ನೋಡಿದಳು. ಗುರುತು ಸಿಗಲಿಲ್ಲ. ‘ಎಷ್ಟ್ ಮಂದಿ ಅದೀರಿ? ಕೂಡ್ರಿ, ಊಟಕ್ಕ ಹಚ್ತೀನ್ರಿ’ ಎಂದು ಹರಿದ ರೊಟ್ಟಿಯನ್ನು ನನ್ನ ಕೈಗೆ ಕೊಡಲು ಬಂದಳು.

ಬೆರಳು ಚುಚ್ಚಿ ನೋಡಿದೆ. ಯಂತ್ರ ತೋರಿಸಿದ ಸಕ್ಕರೆ ನೆಲಕ್ಕಿಳಿದಿತ್ತು. ಚಹಾದ ಸಕ್ಕರೆ ಡಬ್ಬಿ ಕೈಗೆ ಸಿಕ್ಕಿತು. ನೀರಿಗೆ ಸುರಿದು ಕಲಸಿ, ಗದರಿಸಿ, ಪುಸಲಾಯಿಸಿ, ಗುಟುಕು ಗುಟುಕಾಗಿ ಕುಡಿಸಿದೆ. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು. ಊಟಕ್ಕೆ ಬಂದಿದ್ದ ಮೇಷ್ಟರೊಬ್ಬರು ಎಲೆ ಬಿಟ್ಟು ಎದ್ದುಬಂದು ಒಲೆ ಆರಿಸಿದರು. ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣಿಗೆ ಆಕೆಯೇ ಬಂದು ಕೂತಳು. ‘ಅಯ್ಯ, ಬಾಯಾರ, ನೀವ್ಯಾವಾಗ ಬಂದ್ರಿ?’ ಅಂದಳು.

ಆದರೆ ಆ ಮಾತ್ರೆ ಅಷ್ಟಕ್ಕೇ ಬಿಡುವ ಜಾತಿಯದ್ದಲ್ಲ. ಸಕ್ಕರೆ ಏರಿದಂತೆ ಮಾಡಿ ಮತ್ತೆ ಇಳಿಸುತ್ತದೆ. ಮೇಷ್ಟರ ಕಾರಿನಲ್ಲೇ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಿ ಪಕ್ಕದಲ್ಲಿ ಕೂತೆ. ಗಂಡ ಓಡೋಡಿ ಬಂದ, ಕೈಯಲ್ಲಿ ಇನ್ನೂ ಎರಡು ಖಾಲಿ ಡಬ್ಬಿ. ‘ಹೊಸಾ ಮಾತ್ರಿ ಬರದಾರ ಅಂತ ಹೇಳಿದ್ನಿ. ಹಳೇದು ಬಿಡು ಅಂತ ಹೇಳ್ಬೇಕಿತ್ತೇನ್ರಿ?’ ಎಂದು ಮಂಚದ ಕಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನನ್ನು ಏನೆಂದು ಬೈಯಲಿ? ಒಂದೇ ಮಾತ್ರೆಗೆ ಎರಡು ಹೆಸರು, ಎರಡು ಬಣ್ಣ ಮಾಡಿ ಕೈಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ನಿಯಮ ಮಾಡಿದವರನ್ನು ಬೈಯೋಣವೆಂದರೆ ಅವರ ಉದ್ದೇಶ ಒಳ್ಳೆಯದೇ. ಸಿಟ್ಟು ಬೇಕಾದಷ್ಟಿತ್ತು, ಯಾರ ಮೇಲೆ ಇಳಿಸಬೇಕೋ ಅದೇ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಅಪಾಯ ಕಳೆಯಿತು ಎಂದರು ಅಲ್ಲಿಯ ಡ್ಯೂಟಿ ಡಾಕ್ಟರು. ರಾತ್ರಿ ಒಂದು ಇಲ್ಲೇ ಇರಲಿ ಎಂದರು. ಆಕೆ ದಿಂಬಿಗೆ ಒರಗಿ ಬ್ರೆಡ್ಡು ತಿನ್ನುತ್ತ, ಇಷ್ಟು ಹಗುರಾದ್ದನ್ನು ಜನ ಹೆಂಗ ತಿಂತಾರೋ ಎಂದು ಮೂಗು ಮುರಿಯುತ್ತಿದ್ದಳು. ಆಗ ಕೇಳಿದೆ, ನಿಧಾನವಾಗಿಯೇ ಕೇಳಿದೆ.

‘ಅಲ್ಲ ಕಣಮ್ಮ, ಬೆಳಿಗ್ಗೆ ಒಂದೇ ಮಾತ್ರೆ ಅಂತ ಎಷ್ಟು ಸಲ ಹೇಳಿದೀನಿ. ಎರಡೂ ಯಾಕೆ ನುಂಗಿದೆ? ನನ್ನನ್ನ ಒಂದು ಮಾತು ಕೇಳ್ಬಾರ್ದಾ?’

‘ಕೇಳಿದ್ನೆಲ್ರಿ ಬಾಯಾರ’ ಅಂದಳು. ಅಷ್ಟು ಸರಳವಾಗಿ ಅಂದಳು. ‘ಫೋಟೋ ಕಳಿಸಿದ್ನಿ. ನೀವು ನೋಡಿದ್ರಿ, ನೀಲಿ ಗೀಟು ಎರಡೂ ಬಿದ್ವು. ನೀವು ಏನೋ ಬರೀಲಿಕತ್ತಿದ್ದೂ ಕಾಣ್ತು, ಆಮ್ಯಾಲೆ ನಿಂತ್ತು. ನಾ ಒಂದ್ ಮುದ್ದಿ ಹಿಟ್ಟು ಮುಗಿಯೂತನಕ ಹಾದಿ ನೋಡಿದ್ನಿ. ತಪ್ಪಿದ್ರ ನೀವು ಬೈತಿದ್ರಿ. ಬೈಲಿಲ್ಲ. ಅಂದ್ರ ಬರೋಬ್ಬರಿ ಐತಿ ಅಂತ ನುಂಗಿದ್ನಿ.’

ನನ್ನ ಮಡಿಲಲ್ಲಿ ಫೋನ್ ನಡುಗಿತು. ಗ್ರೂಪು. ಯಲಹಂಕದವರು ಎಲ್ಲ ವಾದವನ್ನೂ ಮುಗಿಸಿ ತೀರ್ಪು ಬರೆದಿದ್ದರು: ಸ್ಪಷ್ಟತೆ ಬರುವ ತನಕ ಏನೂ ಉತ್ತರಿಸದಿರುವುದೇ ಕ್ಷೇಮ. ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಯಾರ ಕ್ಷೇಮ ಎಂದು ಯಾರೂ ಕೇಳಿರಲಿಲ್ಲ, ಬೆಳಿಗ್ಗೆ ನಾನೂ ಕೇಳಿರಲಿಲ್ಲ. ಉತ್ತರ ಬರೆದರೆ ಚಿಕಿತ್ಸೆಯಾಗುತ್ತದೋ ಇಲ್ಲವೋ ಎಂದು ಅಷ್ಟು ಜನ ಓದಿದವರು ದಿನವಿಡೀ ಕಿತ್ತಾಡಿದ್ದೆವು. ನಾನು ಬರೆಯದೇ ಇದ್ದದ್ದನ್ನು ಈಕೆ ನೀರಿನ ಜೊತೆ ನುಂಗಿದ್ದಳು.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೇ ಮಾಡಿದೆ. ಆ ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಬೈದೆ. ಹೊಟ್ಟೆಗೆ ಹಾಕಿಕೊಳ್ಳದೆ ಊರಿಗೆಲ್ಲ ಬಡಿಯುವುದಕ್ಕೆ ಬೈದೆ, ಮಾತ್ರೆಯ ಪಟ್ಟಿಯನ್ನು ಮಗುಚಿಟ್ಟು ಫೋಟೋ ತೆಗೆದದ್ದಕ್ಕೆ ಬೈದೆ, ಫೋನ್ ಎತ್ತದ್ದಕ್ಕೆ ಬೈದೆ, ನನ್ನನ್ನು ನಂಬಿದ್ದಕ್ಕೂ ಬೈದೆ. ಗಂಡ ಹೆದರಿ ಎದ್ದು ನಿಂತ. ಡ್ಯೂಟಿ ಡಾಕ್ಟರು ಬಾಗಿಲಿಗೆ ಬಂದು ಇಣುಕಿದರು.

ಆಕೆ ಬ್ರೆಡ್ಡಿನ ತುಂಡು ಬಾಯಲ್ಲಿಟ್ಟುಕೊಂಡು, ಕಣ್ಣರಳಿಸಿ, ಕೊನೆಯ ಮಾತಿನವರೆಗೂ ಕೇಳಿದಳು. ಆಮೇಲೆ ಗಂಡನ ಕಡೆ ತಿರುಗಿ, ‘ಹೂಂ, ಇನ್ನ ಚಿಂತಿಲ್ಲ’ ಎಂದು ಕಾಲು ಚಾಚಿ ಮಲಗಿದಳು.